ಭುಜಕ್ಕೆ ಯಾಕೆ ತೂತು ಬೀಳುವುದಿಲ್ಲ?



ಇಯತ್ತೆ ಒಂಬತ್ತನೆಯಲ್ಲಿ ಚಲನೆಯ ನಿಯಮಗಳ ಪಾಠ ಮಾಡುವಾಗ ಬಂದೂಕು ಮತ್ತು ಗುಂಡಿನ ಉದಾಹರಣೆ ಬಂದೇ ಬರುತ್ತದೆ. ಗುಂಡು ಎಷ್ಟು ಸಂವೇಗದಿಂದ ಮುಂದಕ್ಕೆ ಹೋಗುತ್ತದೋ ಅಷ್ಟೇ ಸಂವೇಗದಿಂದ ಬಂದೂಕು ಹಿಂದಕ್ಕೆ ಬರುತ್ತದೆ ಅಂತ ಹೇಳಿ ನಾನು ಫಲಕ ಒರೆಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: "ಸರ್, ಎರಡೂ ಸಮ ಅಂದ್ರ, ಹೊಡಿಯೋನ ಭುಜಕ್ಕ ಯಾಕ ತೂತು ಬೀಳೂದಿಲ್ಲ?"

ಒಳ್ಳೆಯ ಪ್ರಶ್ನೆ. ಲೆಕ್ಕ ಮಾಡಿಯೇ ನೋಡೋಣ.

ಎರಡನೇ ಮಹಾಯುದ್ಧದಲ್ಲಿ ಭಾರತೀಯ ಸೈನಿಕರ ಕೈಯಲ್ಲಿದ್ದದ್ದು ಲೀ-ಎನ್‌ಫೀಲ್ಡ್ ರೈಫಲ್. ಬಂಗಾಲದ ಇಶಾಪುರದ ಕಾರ್ಖಾನೆಯಲ್ಲೂ ಅದು ತಯಾರಾಗುತ್ತಿತ್ತು. ಅದರ ತೂಕ ಸುಮಾರು 4 ಕಿಲೋ. ಗುಂಡಿನ ತೂಕ ಸುಮಾರು 11.3 ಗ್ರಾಂ, ನಳಿಕೆ ಬಿಡುವಾಗಿನ ವೇಗ ಸೆಕೆಂಡಿಗೆ ಸುಮಾರು 744 ಮೀಟರ್.

ಗುಂಡಿನ ಸಂವೇಗ = 0.0113 × 744 = 8.4 ಕಿ.ಗ್ರಾಂ ಮೀ/ಸೆ
ರೈಫಲ್ಲಿನ ಹಿಮ್ಮುಖ ವೇಗ = 8.4 ÷ 4 = 2.1 ಮೀ/ಸೆ

ಈಗ ಚಲನಶಕ್ತಿ ನೋಡಿ. ಸೂತ್ರ ನಿಮಗೆ ಗೊತ್ತು, ½mv².

ಗುಂಡಿಗೆ: ½ × 0.0113 × 744² = ಸುಮಾರು 3100 ಜೂಲ್
ರೈಫಲ್ಲಿಗೆ: ½ × 4 × 2.1² = ಸುಮಾರು 9 ಜೂಲ್

ಸಂವೇಗ ಸಮ, ಆದರೆ ಶಕ್ತಿಯಲ್ಲಿ ಮುನ್ನೂರು ಪಟ್ಟಿಗಿಂತ ಹೆಚ್ಚು ಅಂತರ! ಶಕ್ತಿಯ ಸೂತ್ರದಲ್ಲಿ ವೇಗದ ವರ್ಗ ಇರುವುದರಿಂದ ಹಗುರಾದ ಗುಂಡೇ ಹೆಚ್ಚು ಪಾಲು ಹೊಡೆಯುತ್ತದೆ. ಅದರ ಮೇಲೆ, ಗುಂಡು ತಾಗುವುದು ಬೆರಳ ತುದಿಯಷ್ಟು ಜಾಗಕ್ಕೆ. ರೈಫಲ್ಲಿನ ಮರದ ಹಿಂಬದಿ ಒತ್ತುವುದು ಅದಕ್ಕಿಂತ ಎಷ್ಟೋ ಅಗಲವಾದ ಜಾಗಕ್ಕೆ. ಗುಂಡಿನ ಹಿಂದೆ ನುಗ್ಗುವ ಅನಿಲಕ್ಕೂ ಸಂವೇಗ ಇರುತ್ತದೆ, ಹಾಗಾಗಿ ನಿಜವಾದ ಒದೆತ ನಮ್ಮ ಲೆಕ್ಕಕ್ಕಿಂತ ಹೆಚ್ಚು. ಆದರೂ ಭುಜ ನೋಯುತ್ತದೆ, ತೂತು ಬೀಳುವುದಿಲ್ಲ.

ರೈಫಲ್ಲನ್ನು ಭುಜಕ್ಕೆ ಬಿಗಿಯಾಗಿ ಒತ್ತಿ ಹಿಡಿಯಿರಿ ಅಂತ ಸೈನಿಕರಿಗೆ ಕಲಿಸುವುದೂ ಇದಕ್ಕೇ. ನಡುವೆ ಸಂದು ಬಿಟ್ಟರೆ ರೈಫಲ್ ಮೊದಲು ವೇಗ ಪಡೆದು ಆಮೇಲೆ ಸುತ್ತಿಗೆಯಂತೆ ಬಡಿಯುತ್ತದೆ. ಒತ್ತಿ ಹಿಡಿದರೆ ಮೈಯ ಭಾರವೂ ರೈಫಲ್ಲಿನ ಭಾರಕ್ಕೆ ಸೇರುತ್ತದೆ, ವೇಗ ತಗ್ಗುತ್ತದೆ. ತೋಟದಲ್ಲಿ ಮೋಟರ್ ಚಾಲೂ ಆದಾಗ ನೀರಿನ ಪೈಪು ಕೈಯಲ್ಲಿ ಹಿಂದಕ್ಕೆ ಒದೆಯುತ್ತದಲ್ಲ, ಆಗ ನೀವು ಅದನ್ನು ಮೈಗೆ ಒತ್ತಿ ಹಿಡಿಯುತ್ತೀರಿ. ಲೆಕ್ಕ ಅದೇ.

ನಳಿಕೆಯ ಒಳಗೆ ಸುರುಳಿಯಾದ ಗೆರೆಗಳಿರುತ್ತವೆ. ಅವು ಗುಂಡನ್ನು ತಿರುಗಿಸುತ್ತವೆ. ಲೀ-ಎನ್‌ಫೀಲ್ಡಿನಲ್ಲಿ 10 ಇಂಚಿಗೆ ಒಂದು ಸುತ್ತು, ಅಂದರೆ ಸೆಕೆಂಡಿಗೆ ಸುಮಾರು 2900 ಸುತ್ತು! ಜೋರಾಗಿ ತಿರುಗುವ ಬುಗುರಿ ಬೀಳದೆ ನಿಲ್ಲುವ ಹಾಗೆ, ತಿರುಗುವ ಗುಂಡು ಗಾಳಿಯಲ್ಲಿ ಪಲ್ಟಿ ಹೊಡೆಯದೆ ಮೂತಿ ಮುಂದು ಮಾಡಿಕೊಂಡೇ ಹೋಗುತ್ತದೆ.

ಇನ್ನು ಬ್ರೆನ್ ಲಘು ಮಷಿನ್‌ಗನ್. ಚೆಕ್ ದೇಶದ ಬ್ರನೋ, ಇಂಗ್ಲೆಂಡಿನ ಎನ್‌ಫೀಲ್ಡ್, ಎರಡೂ ಊರಿನ ಹೆಸರು ಕೂಡಿ 'ಬ್ರೆನ್' ಆಯಿತು. ಗುಂಡು ರೈಫಲ್ಲಿನದೇ; ತೂಕ ಮಾತ್ರ ಸುಮಾರು 10 ಕಿಲೋ, ಮುಂದೆ ಎರಡು ಕಾಲು. ನಳಿಕೆಯ ಸಣ್ಣ ರಂಧ್ರದಿಂದ ಬರುವ ಅನಿಲವೇ ಕೊಂತವನ್ನು ಹಿಂದಕ್ಕೆ ತಳ್ಳಿ ಮುಂದಿನ ಗುಂಡಿಗೆ ಜಾಗ ಮಾಡುತ್ತದೆ. ವೇಗ ನಿಮಿಷಕ್ಕೆ ಸುಮಾರು 500 ಗುಂಡು. ಆದರೆ ಮ್ಯಾಗಜಿನ್ನಿನಲ್ಲಿ ಹಿಡಿಯುವುದು 30. ಬಿಡದೆ ಹೊಡೆದರೆ ನಾಲ್ಕು ಸೆಕೆಂಡಿನೊಳಗೆ ಖಾಲಿ! ಅದಕ್ಕೇ ನಾಲ್ಕೈದು ಗುಂಡು ಹೊಡೆದು ತಡೆಯುತ್ತಿದ್ದರು. ಇನ್ನೊಂದು ಶತ್ರು ಶಾಖ. ಮದ್ದಿನ ಶಕ್ತಿಯಲ್ಲಿ ಗುಂಡಿಗೆ ಸಿಗುವುದು ಸುಮಾರು ಮೂರನೇ ಒಂದು ಪಾಲು. ಉಳಿದದ್ದರಲ್ಲಿ ಬಹಳಷ್ಟು ಅನಿಲದ ಜೊತೆ ಹೊರಗೆ ಹೋಗುತ್ತದೆ, ಒಂದಿಷ್ಟು ನಳಿಕೆಯನ್ನು ಕಾಯಿಸುತ್ತದೆ. ಆದ್ದರಿಂದ ಬ್ರೆನ್ ಜೊತೆ ಬದಲಿ ನಳಿಕೆ ಇರುತ್ತಿತ್ತು. ಕಾದ ನಳಿಕೆ ಮುಟ್ಟದೆ ಬಿಚ್ಚಲು ಅದಕ್ಕೆ ಹಿಡಿ. ಮ್ಯಾಗಜಿನ್, ನಳಿಕೆ ಬದಲಿಸಲು ಪಕ್ಕದಲ್ಲಿ ಎರಡನೇ ಸೈನಿಕ.

ಮ್ಯಾಗಜಿನ್ ಬದಲಿಸುವ ಆ ಎರಡು ಮೂರು ಸೆಕೆಂಡಿನ ಬೆಲೆ ಎಷ್ಟು? ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ರೆಜಿಮೆಂಟಿನ ನಾಯಕ್ ಯಶವಂತ ಘಾಡಗೆ ಅವರ ಕಥೆ ಕೇಳಿ. 1944ರ ಜುಲೈ 10, ಇಟಲಿಯ ಟೈಬರ್ ಕಣಿವೆ. ಶತ್ರುವಿನ ಮಷಿನ್‌ಗನ್ನಿಗೆ ಸಿಕ್ಕು ಅವರ ತುಕಡಿಯವರೆಲ್ಲ ಸತ್ತರು ಇಲ್ಲವೇ ಗಾಯಗೊಂಡರು. ಘಾಡಗೆ ಒಬ್ಬರೇ ನುಗ್ಗಿದರು. ಗ್ರೆನೇಡ್ ಎಸೆದು ಮಷಿನ್‌ಗನ್ ನಿಲ್ಲಿಸಿದರು, ಟಾಮಿಗನ್ನಿನಿಂದ ಒಬ್ಬನನ್ನು ಹೊಡೆದರು. ಮ್ಯಾಗಜಿನ್ ಬದಲಿಸಲು ಪುರುಸೊತ್ತಿಲ್ಲ. ಬಂದೂಕಿನ ನಳಿಕೆ ಹಿಡಿದು, ಅದನ್ನೇ ಬಡಿಗೆ ಮಾಡಿಕೊಂಡು ಉಳಿದಿಬ್ಬರೊಂದಿಗೆ ಹೋರಾಡಿದರು. ಅಲ್ಲೇ ಅಡಗಿದ್ದ ಶತ್ರುಗಳ ಗುಂಡಿಗೆ ಬಲಿಯಾದರು. ಮರಣಾನಂತರ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ವಯಸ್ಸು 22.

ನಿಮ್ಮಲ್ಲಿ ಎಷ್ಟೋ ಮಂದಿ ಸೈನ್ಯದ ಭರ್ತಿಗಾಗಿ ನಸುಕಿನಲ್ಲೇ ಎದ್ದು ಓಡುತ್ತೀರಿ. ಓಡಿ, ಒಳ್ಳೆಯದು. ಆದರೆ ಲೆಕ್ಕ ಬಿಡಿಸುವಾಗ ಒಂದು ಮಾತು ನೆನಪಿರಲಿ: 9 ಜೂಲ್ ಬರುವುದು ಹೊಡೆಯುವವನ ಭುಜಕ್ಕೆ, 3100 ಜೂಲ್ ಹೋಗುವುದು ಇನ್ನೊಬ್ಬ ಮನುಷ್ಯನ ಮೈಗೆ.

ನೀವೇ ಬಿಡಿಸಿ: ಅದೇ ಗುಂಡನ್ನು 10 ಕಿಲೋ ತೂಕದ ಬ್ರೆನ್‌ನಿಂದ ಹೊಡೆದರೆ ಹಿಮ್ಮುಖ ವೇಗ ಎಷ್ಟು? ಚಲನಶಕ್ತಿ ಎಷ್ಟು? ರೈಫಲ್ಲಿಗಿಂತ ಬ್ರೆನ್ ಮೆತ್ತಗೆ ಒದೆಯುವುದು ಯಾಕೆ ಅಂತ ಎರಡು ವಾಕ್ಯದಲ್ಲಿ ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ.