ಸರ್ವರ್ ಭಾರ ಮಾಳಿಗಿ ತಡೀತದೇನ್ರಿ?

ಪುಣೆ, ಬೆಂಗಳೂರು ಸಾಕಾಯ್ತು, ಊರಿನ ಮನೆಯ ಮೇಲಿನ ಮಾಳಿಗಿ ಖಾಲೀನ ಐತಿ, ಅಲ್ಲೇ ಎರಡು ಸರ್ವರ್ ರ‍್ಯಾಕ್ ಇಟ್ಟು ಸಣ್ಣ ಡೇಟಾ ಸೆಂಟರ್ ಮಾಡಿದ್ರೆ ಹೆಂಗೆ? ಈ ಯೋಚನೆ ನಿಮಗೂ ಬಂದಿರಬಹುದು. ನೆಟ್, ಕರೆಂಟ್, ಎಸಿ ಎಲ್ಲದರ ಲೆಕ್ಕ ಹಾಕಿರ್ತೀರಿ. ತೂಕದ್ದು?

ಕಟ್ಟಡದ ಮೇಲೆ ಬೀಳುವ ಭಾರಕ್ಕೆ ನಮ್ಮ ದೇಶದ ನಿಯಮ ಐಎಸ್ 875, ಭಾಗ 2. ಅದರ ಪ್ರಕಾರ ಮನೆಯ ಕೋಣೆಯ ಸ್ಲ್ಯಾಬನ್ನು ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆಜಿ ಹೊರುವಂತೆ ವಿನ್ಯಾಸ ಮಾಡ್ತಾರೆ. ಮಂದಿ, ಮಂಚ, ಕಪಾಟಿಗೆ ಇಷ್ಟು ಸಾಕು. ಡೇಟಾ ಸೆಂಟರ್‌ಗಳ ಟಿಐಎ-942 ಮಾನದಂಡ ಕೇಳುವುದು ಕನಿಷ್ಠ 7.2 ಕಿಲೋನ್ಯೂಟನ್, 12 ಇದ್ದರೆ ಒಳ್ಳೇದು ಅನ್ನುತ್ತದೆ. ಮನೆಯ ಆರು ಪಟ್ಟು.

ತುಂಬಿದ ಒಂದು ರ‍್ಯಾಕ್ 1,000 ಕೆಜಿ ತೂಗುವುದುಂಟು. ಅಂದರೆ ಸಾವಿರ ಲೀಟರಿನ ತುಂಬಿದ ನೀರಿನ ಟಾಕಿ, 60 ಸೆಂಮೀ ಅಗಲ, 120 ಸೆಂಮೀ ಉದ್ದದ ಜಾಗದಲ್ಲಿ, ನಾಲ್ಕು ಕಾಲಿನ ಮೇಲೆ. ಒಂದೊಂದು ಕಾಲಿಗೆ 250 ಕೆಜಿ. ಮನೆಯ ಸ್ಲ್ಯಾಬಿಗೆ ಒಂದೇ ಕಡೆ ಬೀಳುವ ಭಾರವೆಂದು ನಿಯಮ ಹಿಡಿಯುವುದು ಸುಮಾರು 180 ಕೆಜಿ ಮಾತ್ರ. ಇನ್ನು ಯುಪಿಎಸ್ ಬ್ಯಾಟರಿ: ಇನ್ವರ್ಟರಿಗೆ ಹಾಕುವ 150 ಎಎಚ್ ಟ್ಯೂಬುಲರ್ ಬ್ಯಾಟರಿಯೇ 50 ಕೆಜಿ ಮೇಲೆ. ಅಂಥವು 16 ಸಾಲಾಗಿ ಇಟ್ಟರೆ 800 ಕೆಜಿ ದಾಟಿತು, ಅದೂ ಒಂದೇ ಮೂಲೆಯಲ್ಲಿ.

"ಏನೂ ಆಗಂಗಿಲ್ಲ ತಗೋರಿ, ಗಟ್ಟಿ ಸ್ಲ್ಯಾಬ್ ಐತಿ" ಅಂತ ಗೌಂಡಿ ಹೇಳಿದರೆ ನಂಬಿ ಕೂರಬೇಡಿ. ಕಬ್ಬಿನ ಗಾಡಿಯನ್ನು ಕಾಟಾ ಮೇಲೆ ನಿಲ್ಲಿಸಿ ಕೆಜಿ ಕೆಜಿ ಲೆಕ್ಕ ನೋಡುವ ಮಂದಿ ನಾವು. ಮಾಳಿಗಿ ವಿಷಯದಲ್ಲಿ ಮಾತ್ರ ಯಾಕೆ ಅಂದಾಜು?

ನನ್ನ ಕೇಳಿದರೆ, ಮಾಳಿಗಿಗಿಂತ ಗೋದಾಮು ವಾಸಿ. ನಿಪ್ಪಾಣಿಯಲ್ಲಿ ತಂಬಾಕಿನ ಗೋದಾಮುಗಳಿಗೆ ಬರವಿಲ್ಲ. ಸಾಮಾನು ತುಂಬುವ ಕಟ್ಟಡಕ್ಕೆ ಐಎಸ್ 875 ಹೇಳುವುದೇ ಕನಿಷ್ಠ 7.5 ಕಿಲೋನ್ಯೂಟನ್. ಆದರೆ ಹಳೇ ಕಲ್ಲಿನ ಗೋಡೆಯವು ಈ ನಿಯಮಕ್ಕಿಂತ ಮುಂಚಿನವು, ಅವಕ್ಕೆ ಈ ಅಂಕಿ ಅನ್ವಯಿಸೋದಿಲ್ಲ. ಅಲ್ಲಿ ನೆಲಮಟ್ಟದಲ್ಲೇ ರ‍್ಯಾಕ್ ಇಡಬೇಕು. ಬೆಳಗಾವಿ ಭೂಕಂಪ ವಲಯ 3ರಲ್ಲಿದೆ, 1967ರ ಕೊಯ್ನಾ ಭೂಕಂಪ ದೂರದ್ದೇನಲ್ಲ. ಎತ್ತರದ ರ‍್ಯಾಕುಗಳು ಉರುಳದಂತೆ ನೆಲಕ್ಕೆ ಬೋಲ್ಟ್ ಹಾಕುವುದು ಕಡ್ಡಾಯ ಅಂತಲೇ ತಿಳಿಯಿರಿ.

ನೆಲಮಟ್ಟ ಅಂದಕೂಡಲೇ ನೀರಿನ ಮಾತು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕಿದ್ದನ್ನು ಅಥಣಿ, ರಾಯಬಾಗ, ಕಾಗವಾಡ, ಚಿಕ್ಕೋಡಿಯವರು ಮರೆತಿಲ್ಲ. ಆಗ ನೀರು ಎಲ್ಲಿವರೆಗೆ ಬಂದಿತ್ತು ಅಂತ ಓಣಿಯ ಹಿರಿಯರನ್ನು ಮೊದಲು ಕೇಳಿ. ಎರೆಮಣ್ಣಿದ್ದರೆ ಇನ್ನೊಂದು ತಾಪತ್ರಯ. ಅದು ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಮೇಲಿನ ನೆಲವನ್ನೂ ಏರಿಳಿಸುತ್ತದೆ. ಮಣ್ಣಿನ ಪರೀಕ್ಷೆ ಆಗದೆ ಅಡ್ವಾನ್ಸ್ ಕೊಡಬೇಡಿ.

ಕಟ್ಟಡದ ಡ್ರಾಯಿಂಗ್ ಸಿಕ್ಕರೆ ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ ಕೇಳಿ: "ಚದರ ಮೀಟರಿಗೆ ಎಷ್ಟು ತಡೀತದ್ರಿ?" ಉತ್ತರವನ್ನು ಬರವಣಿಗೆಯಲ್ಲೇ ತಗೊಳ್ಳಿ. ಡ್ರಾಯಿಂಗ್ ಇಲ್ಲದಿದ್ದರೆ ಸ್ಲ್ಯಾಬಿನೊಳಗಿನ ಸರಳು, ಕಾಂಕ್ರೀಟಿನ ಗಟ್ಟಿತನ ಪರೀಕ್ಷೆ ಮಾಡಿಸಬೇಕಾಗುತ್ತದೆ. ರ‍್ಯಾಕ್ ಆರ್ಡರ್ ಮಾಡೋದು ಅದಾದ ಮೇಲೆ.