ಸ್ಯಾಂಡ್ ಕ್ರೀಕ್: ಕದನವೆಂದು ಕೆತ್ತಿಟ್ಟ ಕಗ್ಗೊಲೆ

ಅಮೆರಿಕದ ಕೊಲರಾಡೊ ರಾಜ್ಯದ ಶಾಸನಸಭಾ ಭವನದ ಮುಂದೆ 1909ರಲ್ಲಿ ಸೈನಿಕನೊಬ್ಬನ ಪ್ರತಿಮೆ ನಿಂತಿತು. ಅಂತರ್ಯುದ್ಧ ಕಾಲದ ಕದನಗಳ ಹೆಸರನ್ನು ಅಲ್ಲಿ ಕೆತ್ತಿದ್ದರು. ಸ್ಯಾಂಡ್ ಕ್ರೀಕ್ ಕೂಡ ಆ ಪಟ್ಟಿಯಲ್ಲಿತ್ತು. ಅಲ್ಲಿ ಕದನ ನಡೆದೇ ಇರಲಿಲ್ಲ ಎಂಬುದು 1865ರಲ್ಲೇ ಸರ್ಕಾರಿ ಕಡತ ಸೇರಿತ್ತು.

1864ರ ನವೆಂಬರ್ 29ರ ನಸುಕು. ಕರ್ನಲ್ ಜಾನ್ ಚಿವಿಂಗ್ಟನ್ ಸುಮಾರು 675 ಸೈನಿಕರೊಂದಿಗೆ ಶಾಯೆನ್ ಮತ್ತು ಅರಾಪಹೊ ಜನರ ಬಿಡಾರದ ಮೇಲೆ ಎರಗಿದ. ಅವರು ಶಾಂತಿ ಬಯಸಿ, ಸೇನೆಯ ಅಭಯವಿದೆಯೆಂದು ನಂಬಿ ಅಲ್ಲಿ ತಂಗಿದ್ದವರು. ಮುಖಂಡ ಬ್ಲ್ಯಾಕ್ ಕೆಟಲ್ ತಮ್ಮ ಗುಡಾರದ ಮೇಲೆ ಅಮೆರಿಕದ ಬಾವುಟವನ್ನೂ ಬಿಳಿಯ ಬಾವುಟವನ್ನೂ ಏರಿಸಿದರು. ಗುಂಡು ನಿಲ್ಲಲಿಲ್ಲ. ಸತ್ತವರು ಸುಮಾರು 230 ಮಂದಿ. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಚಿವಿಂಗ್ಟನ್ ಮಾತ್ರ ನೂರಾರು ಯೋಧರನ್ನು ಕೊಂದೆನೆಂದು ವರದಿ ಕಳಿಸಿದ. ಡೆನ್ವರ್‌ನ ಪತ್ರಿಕೆ ಅದನ್ನು ಗೆಲುವೆಂದು ಕೊಂಡಾಡಿತು.

ಕ್ಯಾಪ್ಟನ್ ಸೈಲಸ್ ಸೋಲ್ ತಮ್ಮ ತುಕಡಿಗೆ ಗುಂಡು ಹಾರಿಸಲು ಬಿಟ್ಟಿರಲಿಲ್ಲ. ಅವರೂ ಲೆಫ್ಟಿನೆಂಟ್ ಜೋಸೆಫ್ ಕ್ರೇಮರ್ ಅವರೂ ಡಿಸೆಂಬರ್‌ನಲ್ಲೇ ಮೇಜರ್ ವಿನ್‌ಕೂಪ್‌ಗೆ ಪತ್ರ ಬರೆದರು. ಮಂಡಿಯೂರಿ ಜೀವ ಬೇಡಿದವರನ್ನು ಕೊಂದದ್ದು, ಹೆಣಗಳನ್ನು ಕೊಯ್ದು ವಿರೂಪಗೊಳಿಸಿದ್ದು ಎಲ್ಲವೂ ಅವುಗಳಲ್ಲಿವೆ. ಮರುವರ್ಷ ಸೇನೆಯೂ ಸಂಸತ್ತೂ ವಿಚಾರಣೆ ನಡೆಸಿದವು. ಸೋಲ್ ಸಾಕ್ಷಿ ನುಡಿದರು. ಏಪ್ರಿಲ್‌ನಲ್ಲಿ ಡೆನ್ವರ್‌ನ ಬೀದಿಯಲ್ಲಿ ಗುಂಡೇಟಿಗೆ ಬಲಿಯಾದರು. ಸೇನೆ ಬಿಟ್ಟಿದ್ದ ಚಿವಿಂಗ್ಟನ್‌ಗೆ ಯಾವ ಶಿಕ್ಷೆಯೂ ಆಗಲಿಲ್ಲ.

ಕಾಗದ ಇಲ್ಲದೆ ಸತ್ಯ ಮುಚ್ಚಿಹೋಯಿತು ಎನ್ನುವಂತಿಲ್ಲ. ಕೊಂದವನ ಮಾತನ್ನೇ ನಂಬುವುದು ಊರಿಗೆ ಅನುಕೂಲವಾಗಿತ್ತು. ಅಳಿದುಳಿದವರ ಮನೆಗಳಲ್ಲಿ ಅಜ್ಜಿಯರು ಹೇಳುತ್ತ ಬಂದದ್ದನ್ನು ಯಾರೂ ಸಾಕ್ಷ್ಯವೆಂದು ಎಣಿಸಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡುತ್ತದೆ.

2000ರಲ್ಲಿ ಹಳೆಯ ಟ್ರಂಕೊಂದರಲ್ಲಿ ಸೋಲ್, ಕ್ರೇಮರ್ ಬರೆದ ಪತ್ರಗಳ ಪ್ರತಿಗಳು ಸಿಕ್ಕವು. ಸ್ಥಳವನ್ನು ರಾಷ್ಟ್ರೀಯ ಐತಿಹಾಸಿಕ ತಾಣವಾಗಿಸುವ ಮಸೂದೆ ಆಗ ಸಂಸತ್ತಿನ ಮುಂದಿತ್ತು. ಶಾಯೆನ್ ಮೂಲದ ಸೆನೆಟರ್ ಬೆನ್ ನೈಟ್‌ಹಾರ್ಸ್ ಕ್ಯಾಂಪ್‌ಬೆಲ್ ಅದರ ಬೆನ್ನಿಗಿದ್ದರು. ಅದೇ ವರ್ಷ ಕಾನೂನು ಬಂತು. ಬಿಡಾರ ಇದ್ದದ್ದೆಲ್ಲಿ ಎಂಬ ಜಗಳಕ್ಕೂ ಕಡತಗಳೇ ಇಳಿದವು: ಸೇನಾಧಿಕಾರಿ ಬಾನ್ಸಲ್ 1868ರಲ್ಲಿ ಬರೆದ ನಕ್ಷೆ ಹಿಡಿದು ಹೊರಟ ಪುರಾತತ್ವಜ್ಞರಿಗೆ ಗುಂಡಿನ ಚೂರುಗಳು ಸಿಕ್ಕವು. ಆದರೆ ಕೊಲೆಯನ್ನು ಕಣ್ಣಾರೆ ಕಂಡ ಜಾರ್ಜ್ ಬೆಂಟ್ ಬರೆದುಕೊಟ್ಟಿದ್ದ, ಬಿಡಾರವನ್ನು ಬೇರೆಡೆ ತೋರಿಸುವ ನಕ್ಷೆಯನ್ನು ಅಳಿದುಳಿದವರ ವಂಶಸ್ಥರು ಕೈಬಿಡಲಿಲ್ಲ. ಬಿಡಬೇಕಾಗಿಯೂ ಇರಲಿಲ್ಲ.

ಕಗ್ಗೊಲೆ ನಡೆದಾಗಿನ ಗವರ್ನರ್ ಜಾನ್ ಇವಾನ್ಸ್ ಹೊಣೆ ಎಷ್ಟು? ಆತ ಸ್ಥಾಪನೆಯಲ್ಲಿ ಪಾಲ್ಗೊಂಡಿದ್ದ ಎರಡು ವಿಶ್ವವಿದ್ಯಾಲಯಗಳು 2014ರಲ್ಲಿ ಕಡತ ಬಿಚ್ಚಿ ಬೇರೆಬೇರೆ ಉತ್ತರ ಕೊಟ್ಟವು. ಆ ವರ್ಷವೇ ಗವರ್ನರ್ ಹಿಕನ್‌ಲೂಪರ್ ರಾಜ್ಯದ ಪರವಾಗಿ ಕ್ಷಮೆ ಕೇಳಿದರು. 2020ರಲ್ಲಿ ಪ್ರತಿಭಟನಕಾರರು ಆ ಸೈನಿಕನ ಪ್ರತಿಮೆಯನ್ನು ಉರುಳಿಸಿದರು. 2023ರಲ್ಲಿ ಮೌಂಟ್ ಇವಾನ್ಸ್ ಶಿಖರ ಮೌಂಟ್ ಬ್ಲೂ ಸ್ಕೈ ಆಯಿತು. ಸ್ಯಾಂಡ್ ಕ್ರೀಕ್ ಸಮೀಪದ ಪುಟ್ಟ ಹಳ್ಳಿಯ ಹೆಸರು ಇಂದಿಗೂ ಚಿವಿಂಗ್ಟನ್.