ರಿಮೋಟಿನ ಅದೃಶ್ಯಸಂಕೇತಗಳಲ್ಲಿ ಲಘು-ಗುರು ವಿಚಾರ

ಕ್ರಿ.ಶ. ೧೯೩೫ನೆಯ ಇಸವಿ ಸೆಪ್ಟೆಂಬರು ೧೦ನೆಯ ತಾರೀಖಿನಂದು, ಮೈಸೂರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ನಿವಾಸವಾದ ‘ವಿಠ್ಠಲ ವಿಹಾರ’ದಿಂದ ರೇಡಿಯೊ ಪ್ರಸಾರವನ್ನು ಆರಂಭಿಸಿದರು. ಆ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಅಖಿಲ ಭಾರತದ ಪ್ರಸಾರಸಂಸ್ಥೆಗೇ ಸಂದುದು ಸುಪ್ರಸಿದ್ಧವಾಗಿದೆ. ವೃತ್ತಿಯಿಂದ ವಿದ್ಯುದ್ಯಂತ್ರಗಳಿಗೆ ಸಂಬಂಧಪಡದ ವಿದ್ವಾಂಸರೊಬ್ಬರು ಆಸಕ್ತಿಯೊಂದರಿಂದಲೇ ಮನೆಯಲ್ಲಿ ಇಂತಹ ಕಾರ್ಯಕ್ಕೆ ಕೈಯಿಕ್ಕಿದ ಈ ನಗರದಲ್ಲಿ, ಈಗ ಅಲ್ಪವ್ಯಯದಿಂದ ಸಾಧ್ಯವಾಗಿರುವ ಮತ್ತೊಂದು ಗೃಹಪ್ರಯೋಗವನ್ನು ಸಾಹಿತ್ಯಾಧ್ಯಾಪಕರು ಪರಾಮರ್ಶಿಸುವುದು ಅನುಚಿತವಾಗಲಾರದು. ದೂರದರ್ಶನಾದಿ ಯಂತ್ರಗಳನ್ನು ಆಳುವ ರಿಮೋಟಿನ ಸಂಕೇತಗಳನ್ನು ಹಿಡಿದು ಓದುವುದು, ಮರಳಿ ಕಳುಹಿಸುವುದು ಎಂಬುದೇ ಆ ಪ್ರಯೋಗ. ಛಂದಶ್ಶಾಸ್ತ್ರವನ್ನು ಬಲ್ಲವರಿಗೆ ಇದರ ಅರ್ಧಭಾಗವು ಮೊದಲೇ ತಿಳಿದಿರುವುದೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ರಿಮೋಟಿನ ತುದಿಯಲ್ಲಿರುವ ಪುಟ್ಟ ದೀಪವು ಹೊರಸೂಸುವ ಬೆಳಕು ಕಣ್ಣಿಗೆ ಕಾಣದು. ಅದರ ತರಂಗದೈರ್ಘ್ಯವು ಸುಮಾರು ೯೪೦ ನ್ಯಾನೊಮೀಟರು. ಮನುಷ್ಯನ ದೃಷ್ಟಿಯಾದರೋ ೭೦೦ರ ಆಚೆ ಬೇಗನೆ ಕುಂದುತ್ತದೆ. ಇದನ್ನು ಕೆಲವರು ‘ಅತಿಗೆಂಪು’ ಎಂದೂ ಕೆಲವರು ‘ಅವಕೆಂಪು’ ಎಂದೂ ಬರೆಯುವರು. ಕಂಪನಸಂಖ್ಯೆಯಲ್ಲಿ ಇದು ಕೆಂಪಿಗಿಂತ ಕೆಳಗಿರುವುದರಿಂದ ‘ಅವ’ ಎಂಬ ಉಪಸರ್ಗವೇ ಯುಕ್ತತರವಾಗಿ ತೋರುತ್ತದೆ. ಸಂಚಾರಿ ದೂರವಾಣಿಯ ಕ್ಯಾಮರಾದ ಎದುರಿಗೆ ರಿಮೋಟನ್ನು ಹಿಡಿದು ಗುಂಡಿಯನ್ನೊತ್ತಿದರೆ, ಅನೇಕ ಸಂದರ್ಭಗಳಲ್ಲಿ, ಈ ಅದೃಶ್ಯಪ್ರಕಾಶವು ಪರದೆಯ ಮೇಲೆ ನಸುನೇರಳೆಯ ಮಿನುಗಾಗಿ ಗೋಚರಿಸುತ್ತದೆ.

ಅವಕೆಂಪು ಬೆಳಕು ಬಿಸಿಲಿನಲ್ಲಿಯೂ ಉಂಟು, ತಂತಿಯು ಕಾಯುವ ಹಳೆಯ ವಿದ್ಯುದ್ದೀಪದಲ್ಲಿಯೂ ಉಂಟು. ಈ ಗದ್ದಲದ ನಡುವೆ ರಿಮೋಟಿನ ಮಾತು ಕೇಳಿಸಬೇಕಾದುದರಿಂದ, ಆ ದೀಪವನ್ನು ಸೆಕೆಂಡಿಗೆ ಸುಮಾರು ೩೮,೦೦೦ ಸಲ ಮಿನುಗಿಸುವರು. ಗ್ರಾಹಕವು ಇದೇ ವೇಗದ ಮಿನುಗನ್ನು ಮಾತ್ರ ಅಂಗೀಕರಿಸಿ, ನಿಶ್ಚಲವಾದ ಮಿಕ್ಕ ಬೆಳಕನ್ನು ತಿರಸ್ಕರಿಸುತ್ತದೆ. ಅಂಗಡಿಗಳಲ್ಲಿ ಟಿಎಸ್‌ಒಪಿ ೧೭೩೮ ಎಂಬ ಹೆಸರಿನಿಂದ ಪರಿಚಿತವಾದ ಮೂರು ಕಾಲುಗಳ ಗ್ರಾಹಕವು ಇಂತಹುದು. ಅದರ ಎರಡು ಕಾಲುಗಳಿಗೆ ವಿದ್ಯುತ್ತನ್ನು ಕೊಟ್ಟು, ಮೂರನೆಯದನ್ನು ಆರ್ಡುಯಿನೊ ಮೊದಲಾದ ಚಿಕ್ಕ ಗಣಕಫಲಕಕ್ಕೆ ಜೋಡಿಸಿದಲ್ಲಿ, ಬೆಳಕು ಎಷ್ಟು ಹೊತ್ತು ಇದ್ದಿತು, ಕತ್ತಲೆ ಎಷ್ಟು ಹೊತ್ತು ಇದ್ದಿತು ಎಂಬ ಅಳತೆಗಳ ಸಾಲು ದೊರಕುವುದು.

ಛಂದಸ್ಸಿನ ಪ್ರಸಕ್ತಿಯು ಇಲ್ಲಿಯೇ ಒದಗುತ್ತದೆ. ಜಪಾನಿನ ಎನ್.ಇ.ಸಿ. ಸಂಸ್ಥೆಯ ಹೆಸರಿನಿಂದ ಬಹುಪ್ರಚಾರವಾಗಿರುವ ಸಂಕೇತಪದ್ಧತಿಯಲ್ಲಿ ಎರಡೇ ಅಕ್ಷರಗಳು. ಒಂದರ ಕಾಲ ೧.೧೨೫ ಮಿಲಿಸೆಕೆಂಡು, ಮತ್ತೊಂದರದು ೨.೨೫, ಎಂದರೆ ಸರಿಯಾಗಿ ಇಮ್ಮಡಿ. ಮೊದಲನೆಯದನ್ನು ಲಘುವೆಂದೂ ಎರಡನೆಯದನ್ನು ಗುರುವೆಂದೂ ಕರೆಯುವುದಕ್ಕೆ ಯಾವ ಬಾಧಕವೂ ಇಲ್ಲ. ಪ್ರತಿಯೊಂದು ಅಕ್ಷರವೂ ಅರ್ಧಮಾತ್ರೆಯ ಬೆಳಕಿನಿಂದ ಮೊದಲಾಗುತ್ತದೆ. ಅನಂತರದ ಕತ್ತಲೆಯು ಲಘುವಿನಲ್ಲಿ ಅರ್ಧಮಾತ್ರೆ, ಗುರುವಿನಲ್ಲಿ ಒಂದೂವರೆ ಮಾತ್ರೆ. ವ್ಯಂಜನಕ್ಕೆ ಅರ್ಧಮಾತ್ರೆಯೆಂಬ ಶಿಕ್ಷಾಕಾರರ ಲೆಕ್ಕವು ಓದುಗರಿಗೆ ಇಲ್ಲಿ ನೆನಪಾಗದಿರದು. ಸಂದೇಶದಲ್ಲಿರುವ ಅಕ್ಷರಗಳು ಮೂವತ್ತೆರಡು, ಎಂಟೆಂಟರ ನಾಲ್ಕು ಪಾದಗಳು. ಅನುಷ್ಟುಪ್ ಶ್ಲೋಕದ ಪ್ರಮಾಣವೇ ಸರಿ. ಒಂದನೆಯ ಪಾದವು ಯಾವ ಯಂತ್ರಕ್ಕೆ ಹೇಳಿದುದೆಂಬ ಸಂಬೋಧನೆ, ಮೂರನೆಯದು ಆಜ್ಞೆ. ಎರಡನೆಯ ಮತ್ತು ನಾಲ್ಕನೆಯ ಪಾದಗಳು ತಮ್ಮ ಹಿಂದಿನ ಪಾದಗಳನ್ನೇ ವಿಪರ್ಯಾಸದಿಂದ ಹೇಳುವುವು, ಲಘುವಿದ್ದೆಡೆ ಗುರು, ಗುರುವಿದ್ದೆಡೆ ಲಘು. ಆದಕಾರಣ ಸಂದೇಶವು ಯಾವುದೇ ಆಗಲಿ, ಹದಿನಾರು ಲಘು, ಹದಿನಾರು ಗುರು, ಒಟ್ಟು ೪೮ ಮಾತ್ರೆಗಳು ತಪ್ಪದೆ ಇರುವುವು. ಒಂದಕ್ಷರವು ಕೆಟ್ಟರೂ ಪಾದಗಳು ಒಂದಕ್ಕೊಂದು ಸರಿಬೀಳದೆ ದೋಷವು ಹೊರಬೀಳುತ್ತದೆ. ಆರಂಭದಲ್ಲಿ ಎಂಟು ಮಾತ್ರೆಯ ಬೆಳಕೂ ನಾಲ್ಕು ಮಾತ್ರೆಯ ಕತ್ತಲೆಯೂ ಕೂಡಿದ ಎತ್ತುಗಡೆಯುಂಟು. ಕೊನೆಯಲ್ಲಿ ಅರ್ಧಮಾತ್ರೆಯ ಬೆಳಕು ಮುಗಿತಾಯವನ್ನು ಸೂಚಿಸುವುದು. ಮುಂದೆ ಸಂಬೋಧನೆಗಳು ಸಾಲದೆ ಎರಡನೆಯ ಪಾದವನ್ನೂ ಅದಕ್ಕಾಗಿಯೇ ಬಳಸುವ ರೂಪಾಂತರವೊಂದು ಬಂದಿತು. ಅದರಲ್ಲಿ ೪೮ರ ನಿಯಮವು ನಿಲ್ಲದು.

ಓದುವ ಕ್ರಮವು ಇನ್ನೂ ಸ್ವಾರಸ್ಯಕರವಾಗಿದೆ. ಹವ್ಯಾಸಿಗಳು ಬಳಸುವ ಇಪ್ಪತ್ತೊಂದು ಗುಂಡಿಗಳ ಚಿಕ್ಕ ರಿಮೋಟೊಂದರಲ್ಲಿ ‘೧’ ಎಂಬ ಗುಂಡಿಯ ಆಜ್ಞಾಪಾದವು ಲಲಗಗಲಲಲಲ ಎಂದಿರುತ್ತದೆ. ಕೇದಾರಭಟ್ಟನ ವೃತ್ತರತ್ನಾಕರದಲ್ಲಿ ಹೇಳಿರುವ ಉದ್ದಿಷ್ಟವಿಧಿಯಂತೆ ಅಕ್ಷರಗಳ ಮೇಲೆ ಮೊದಲಿನಿಂದ ೧, ೨, ೪, ೮ ಎಂದು ಇಮ್ಮಡಿಸುತ್ತ ಅಂಕಗಳನ್ನಿಡಬೇಕು. ಶಾಸ್ತ್ರದಲ್ಲಿ ಲಘುಗಳ ಮೇಲಣ ಅಂಕಗಳನ್ನು ಕೂಡಿ ಒಂದನ್ನು ಸೇರಿಸುವರು. ಇಲ್ಲಿ ಗುರುಗಳ ಮೇಲಣವನ್ನು ಕೂಡಿ, ಎಣಿಕೆಯು ಸೊನ್ನೆಯಿಂದ ಮೊದಲಾಗುವುದರಿಂದ, ಏನನ್ನೂ ಸೇರಿಸುವುದಿಲ್ಲ. ನಾಲ್ಕು, ಎಂಟು ಕೂಡಿ ಹನ್ನೆರಡಾಯಿತು. ಇದರಿಂದ ಪಿಂಗಲಾಚಾರ್ಯನು ರಿಮೋಟನ್ನು ಬಲ್ಲವನಾಗಿದ್ದನೆಂದು ಸಾಧಿಸಹೊರಡುವುದು ಹಾಸ್ಯಾಸ್ಪದ. ಎರಡೇ ಬಗೆಯ ಘಟಕಗಳನ್ನು ಸಾಲಾಗಿಟ್ಟು ಎಣಿಸಹೊರಟವರೆಲ್ಲರಿಗೂ ಇಮ್ಮಡಿಯ ಲೆಕ್ಕವೇ ದಾರಿ. ಅಷ್ಟನ್ನು ಒಪ್ಪಿದರೆ ಸಾಕು.

ಹಾಗಿದ್ದರೂ ಇದೇ ಗುಂಡಿಗೆ ಕೆಲವು ಬರೆಹಗಳಲ್ಲಿ ೧೨ ಎಂದೂ ಕೆಲವುಗಳಲ್ಲಿ ೪೮ ಎಂದೂ ಇರುವುದನ್ನು ಕಂಡು ಹೊಸಬರು ತಬ್ಬಿಬ್ಬಾಗುವರು. ಕೆನ್ ಶಿರಿಫ್ ಎಂಬವರು ೨೦೦೯ರಲ್ಲಿ ಆರ್ಡುಯಿನೊವಿಗಾಗಿ ರಚಿಸಿದ ‘ಐಆರ್‌ರಿಮೋಟ್’ ಎಂಬ ಕ್ರಮವಿಧಿಸಂಗ್ರಹದ ಹಳೆಯ ಆವೃತ್ತಿಗಳು ಮೊದಲಕ್ಷರಕ್ಕೇ ಹಿರಿಯ ಬೆಲೆಯನ್ನು ಕೊಟ್ಟು ಓದುತ್ತಿದ್ದುವು. ಮೂರನೆಯ ಆವೃತ್ತಿಯಿಂದೀಚೆಗೆ ಕಿರಿಯ ಬೆಲೆಯನ್ನು ಕೊಡುವುವು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂತಹ ಸಂಸ್ಥೆಗಳಲ್ಲಿ ಓಲೆಗರಿಗಳನ್ನು ಹೋಲಿಸಿ ನೋಡಿದವರಿಗೆ ಇದರ ಮರ್ಮವು ಥಟ್ಟನೆ ಹೊಳೆದೀತು. ಮೂಲವು ಒಂದೇ; ಪಾಠಾಂತರವು ಓದಿದವರಿಂದ ಬಂದುದು.

ಕಳುಹಿಸುವುದಕ್ಕೆ ಅವಕೆಂಪಿನ ಎಲ್‌ಇಡಿ ಒಂದು, ಟ್ರಾನ್ಸಿಸ್ಟರೊಂದು, ರೋಧಕಗಳೆರಡು ಸಾಕು. ಫಲಕದ ಕಾಲಿನಿಂದ ನೇರವಾಗಿ ಇಪ್ಪತ್ತು ಮಿಲಿಆಂಪಿಯರಿಗಿಂತ ಹೆಚ್ಚಾಗಿ ಸೆಳೆಯುವುದು ಹಿತವಲ್ಲವಾದುದರಿಂದ, ಬೆಳಕು ಕೋಣೆಯ ಆಚೆಯ ಗೋಡೆಯವರೆಗೆ ಮುಟ್ಟಬೇಕಾದರೆ ಟ್ರಾನ್ಸಿಸ್ಟರಿನ ನೆರವು ಬೇಕಾಗುವುದು. ಕಳುಹಿಸಬೇಕಾದುದೇನೆಂಬುದರಲ್ಲಿ ಎರಡು ಪಕ್ಷಗಳಿವೆ. ಹಿಡಿದ ಅಳತೆಗಳನ್ನು ಇದ್ದಂತೆಯೇ ಒಪ್ಪಿಸುವುದು ಗಿಳಿಪಾಠ. ಗ್ರಾಹಕವು ಬೆಳಕನ್ನು ಕೊಂಚ ಹಿಗ್ಗಿಸಿ ತೋರಿಸುವುದರಿಂದ ಆ ಲಿಪಿಕಾರದೋಷವೂ ಅದರೊಡನೆ ಹೋಗುವುದು. ವೃತ್ತವನ್ನು ಗುರುತಿಸಿ, ಲಘುಗುರುಗಳನ್ನು ತಿಳಿದು, ಶುದ್ಧಪ್ರಮಾಣದಲ್ಲಿ ಪುನಃ ಉಚ್ಚರಿಸುವುದು ಎರಡನೆಯದು. ಅಪರಿಚಿತ ಛಂದಸ್ಸಿಗೆ ಮೊದಲನೆಯದಲ್ಲದೆ ಗತಿಯಿಲ್ಲವಾದರೂ, ಅದನ್ನು ನೆಚ್ಚುವಂತಿಲ್ಲ. ಫಿಲಿಪ್ಸ್ ಸಂಸ್ಥೆಯ ಆರ್‌ಸಿ-೫ ಪದ್ಧತಿಯಲ್ಲಿ ಗುಂಡಿಯನ್ನು ಬಿಟ್ಟು ಒತ್ತಿದಾಗಲೆಲ್ಲ ಒಂದಕ್ಷರವು ಬದಲಾಗುವುದು, ಗಿಳಿಪಾಠವು ಅದನ್ನರಿಯದು. ಹವಾನಿಯಂತ್ರಕದ ರಿಮೋಟು ಒಂದೊಂದು ಒತ್ತಿಗೂ ಉಷ್ಣತೆ, ಗಾಳಿಯ ವೇಗ ಮೊದಲಾದ ಸಮಸ್ತ ಸ್ಥಿತಿಯನ್ನೂ ಸಾಮಾನ್ಯವಾಗಿ ಒಟ್ಟಿಗೇ ಹೇಳುವುದು.

ವೃತ್ತಜ್ಞಾನದ ಪ್ರಯೋಜನವು ಮೂಲವು ಕಳೆದುಹೋದಾಗ ಸ್ಪಷ್ಟವಾಗುವುದು. ಉಪನ್ಯಾಸಮಂದಿರದ ಪ್ರೊಜೆಕ್ಟರು ಸುಸ್ಥಿತಿಯಲ್ಲಿದ್ದು, ಅದರ ರಿಮೋಟು ಮಾತ್ರ ಕಾಣೆಯಾಗಿ, ಬೇರೊಂದು ದೊರಕದಿದ್ದಲ್ಲಿ, ಹಿಡಿಯುವುದಕ್ಕೆ ಸಂಕೇತವೇ ಇಲ್ಲ. ಶಾಸ್ತ್ರಕಾರರು ಕ್ರಮಸಂಖ್ಯೆಯಿಂದ ಮರೆತ ಪಾದವನ್ನು ಹೊರಡಿಸುವ ವಿಧಿಗೆ ‘ನಷ್ಟ’ವೆಂದೇ ಹೆಸರಿಟ್ಟಿರುವರಷ್ಟೆ. ಎಂಟಕ್ಷರದ ಪಾದಕ್ಕೆ ಪ್ರಸ್ತಾರಗಳು ೨೫೬. ಸಂಬೋಧನೆಯೊಂದು ತಿಳಿದಿದ್ದರೆ ೨೫೬ ಆಜ್ಞೆಗಳನ್ನೂ ಕ್ರಮವಾಗಿ ಉಚ್ಚರಿಸಬಹುದು. ಸಂದೇಶಕ್ಕೆ ೧೦೮ ಮಿಲಿಸೆಕೆಂಡಿನಂತೆ ಅರ್ಧ ನಿಮಿಷವೂ ಹಿಡಿಯದು. ಸಂಬೋಧನೆಯೂ ತಿಳಿಯದಿದ್ದರೆ ೬೫,೫೩೬ ಸಂದೇಶಗಳು. ಅವುಗಳಿಗೆ ಸುಮಾರು ಎರಡು ಗಂಟೆ. ಎಡೆಯೆಡೆಯಲ್ಲಿ ನಿಲ್ಲಿಸಿ ಯಂತ್ರದ ಚೇಷ್ಟೆಯನ್ನು ಗಮನಿಸುತ್ತ ಹೋದರೆ ಕಾಲವು ಹೆಚ್ಚೀತು. ಆದರೂ ಹಾಗೆಯೇ ಮಾಡತಕ್ಕದ್ದು. ಏಕೆಂದರೆ ದುರಸ್ತಿಗಾರರಿಗೆಂದೇ ಇಟ್ಟ ಗೂಢಾಜ್ಞೆಗಳೂ ಕೆಲವು ಯಂತ್ರಗಳಲ್ಲಿರುವುವು, ಕುರುಡಾಗಿ ಕಳುಹಿಸಿದಲ್ಲಿ ಅವು ಯಂತ್ರದ ಒಳಗಣ ವ್ಯವಸ್ಥೆಯನ್ನೇ ಮಾರ್ಪಡಿಸಿಬಿಡಬಹುದು.